ಕಂಡಕ್ಟರರು ಇಲ್ಲೇ ವಾಸವಾಗಿದ್ದಾರೆ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಟೂತ್‌ಪೇಸ್ಟು.

ಬೆಳಗ್ಗೆ ಎದ್ದು ಬಚ್ಚಲಿಗೆ ಹೋದ ಕಂಡಕ್ಟರರು ಹಳೇ ಟ್ಯೂಬನ್ನು ಬುಡದಿಂದ ಸುತ್ತಿದರು, ಒತ್ತಿದರು, ಕೊನೆಗೆ ಬಾಗಿಲ ಸಂದಿಗೆ ಸಿಕ್ಕಿಸಿ ಹಿಂಡಿಯೂ ನೋಡಿದರು. ಏನೂ ಬರಲಿಲ್ಲ. ಸರಿ, ಅಂಗಿ ಹಾಕಿಕೊಂಡು ಕೆಳಗಿನ ಅಂಗಡಿಗೆ ಇಳಿದರು. ಹೊಸ ಪೇಸ್ಟು ಹಿಡಿದು ಮೇಲೆ ಬಂದು ನೋಡಿದರೆ ಬಾಗಿಲಿಗೆ ಹಳದಿ ಚೀಟಿ ಅಂಟಿಕೊಂಡಿತ್ತು. ವೀಸಾ ಕಚೇರಿಯ ಅಧಿಕಾರಿ ಅಷ್ಟರಲ್ಲೇ ಬಂದು ಹೋಗಿದ್ದರು.

'ಎರಡನೇ ಸಲವೂ ಮನೆಯಲ್ಲಿ ಯಾರೂ ಸಿಗಲಿಲ್ಲ. ಇವತ್ತು ಮಧ್ಯಾಹ್ನ ಕೊನೆಯ ಸಲ ಬರುತ್ತೇವೆ. ನೀವು ಇಲ್ಲಿ ವಾಸವಿಲ್ಲವೆಂದು ಕಂಡುಬಂದರೆ ವೀಸಾ ಮುಂದುವರಿಸಲಾಗುವುದಿಲ್ಲ.'

ಕಂಡಕ್ಟರರು ಚೀಟಿಯನ್ನು ಎರಡೆರಡು ಸಲ ಓದಿದರು. ಮೊದಲ ಸಲ ಅಧಿಕಾರಿ ಬಂದಾಗ ಅವರು ಪಾರ್ಕಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಇಡೀ ವರ್ಷ ಮನೆಯಲ್ಲಿ ಕೂತಿದ್ದವರು ಹೊರಗೆ ಕಾಲಿಟ್ಟ ಗಳಿಗೆಯನ್ನೇ ನೋಡಿಕೊಂಡು ಬರುವ ವಿದ್ಯೆ ಸರ್ಕಾರಿ ನೌಕರರಿಗೆ ಎಲ್ಲ ದೇಶದಲ್ಲೂ ಒಲಿದಿರುತ್ತದೆ.

ನಿವೃತ್ತರಿಗೆಂದು ಆ ದೇಶ ಕೊಡುವ ವೀಸಾಕ್ಕೆ ಮುಖ್ಯವಾದ ಷರತ್ತು ಎರಡೇ. ವಿಳಾಸ ಕೊಟ್ಟ ಮನೆಯಲ್ಲೇ ಇರಬೇಕು. ಸಂಬಳ, ವ್ಯಾಪಾರ, ಬಾಡಿಗೆ, ಯಾವ ರೂಪದಲ್ಲೂ ಅಲ್ಲಿ ಕಾಸು ಸಂಪಾದಿಸಬಾರದು. ಎರಡನೆಯ ಷರತ್ತೆಂದರೆ ಕಂಡಕ್ಟರರಿಗೆ ಪಂಚಪ್ರಾಣ. ಅವರದು ಎರಡು ಕೋಣೆಯ ಪುಟ್ಟ ಫ್ಲಾಟು, ಹಿಂದಿನ ಕೋಣೆ ಖಾಲಿ. ಎದುರು ಮನೆಯ ನರ್ಸಮ್ಮ ತಮ್ಮ ಪರಿಚಯದವರಿಗೆ ಅದನ್ನು ಕೇಳಿದಾಗಲೆಲ್ಲ ಕಂಡಕ್ಟರರು ಕೈ ಮುಗಿದು, "ನನಗೂ ಆಸೆನೇ ತಾಯಿ. ಏನ್ಮಾಡ್ಲಿ, ಬಾಡಿಗೆ ತಗೊಂಡ್ರೆ ವೀಸಾ ಹೋಗುತ್ತೆ" ಎಂದು ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ಬಾಗಿಲು ಹಾಕಿಕೊಂಡ ಮೇಲೆ ಮುಖ ಅರಳುತ್ತಿತ್ತು.

ಅವರನ್ನು ತಪ್ಪು ತಿಳಿಯಬಾರದು. ಹರೆಯದಿಂದ ತಲೆ ನರೆಯುವವರೆಗೆ ಬಸ್ಸಿನಲ್ಲಿ ಟಿಕೆಟ್ ಹರಿದವರು. ಹಗಲೆಲ್ಲ ಒಬ್ಬರ ಮೊಣಕೈ ಪಕ್ಕೆಗೆ, ಇನ್ನೊಬ್ಬರ ಬುಟ್ಟಿ ಬೆನ್ನಿಗೆ. ಮದುವೆಯಾಗಲಿಲ್ಲವಾದ್ದರಿಂದ ಅಣ್ಣತಮ್ಮಂದಿರ ತುಂಬು ಸಂಸಾರದಲ್ಲಿ ಅವರ ಪಾಲಿಗೆ ಸಿಕ್ಕಿದ್ದು ಹಜಾರದ ಒಂದು ಮೂಲೆ. ನೀರು ಕುಡಿಯಲು ಏಳುವವರೆಲ್ಲ ಅವರನ್ನು ದಾಟಿಕೊಂಡೇ ಹೋಗಬೇಕು. ಜೀವನದಲ್ಲಿ ಒಮ್ಮೆಯಾದರೂ ಯಾರೂ ಕಾಲು ತುಳಿಯದ ಜಾಗದಲ್ಲಿ ಇದ್ದು ಸಾಯಬೇಕೆಂಬುದು ಅವರ ಆಸೆ. ಪಾಲಿಗೆ ಬಂದ ಸೈಟು ಮಾರಿ, ಪೆನ್ಷನ್ನಿನಲ್ಲಿ ಬದುಕಬಹುದಾದ ದೇಶ ಯಾವುದೆಂದು ವಿಚಾರಿಸಿ, ಇಲ್ಲಿಗೆ ಬಂದಿದ್ದರು. ಬಂದಂದಿನಿಂದ 'ಮುಂದೆ ಹೋಗಿ' ಎಂಬ ಮಾತು ಅವರ ಬಾಯಿಂದ ಹೊರಟಿರಲಿಲ್ಲ. ಈಗ ವೀಸಾ ಹೋದರೆ ಮತ್ತೆ ಅದೇ ಹಜಾರ, ಅದೇ ಮೂಲೆ.

ಚೀಟಿಯನ್ನು ಅವರಿಗಿಂತ ಮೊದಲೇ ನರ್ಸಮ್ಮ ಓದಿಯಾಗಿತ್ತು. ನರ್ಸಮ್ಮನೂ ಊರ ಕಡೆಯವರೇ. ಆಸ್ಪತ್ರೆ ಬಿಟ್ಟಿದ್ದರು, ವಾರ್ಡು ಬಿಟ್ಟಿರಲಿಲ್ಲ. ಬಾಗಿಲು ತೆರೆಯುವುದೇ ತಡ, ಒಳಗೆ ನುಗ್ಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಕಂಡಕ್ಟರಣ್ಣ, ಇದು ಮನೆಯಾ? ಅಧಿಕಾರಿ ಇದನ್ನ ನೋಡಿದ್ರೆ ವೀಸಾ ಇರಲಿ, ನಿಮ್ಮನ್ನೇ ಎತ್ತಿ ಹೊರಗೆ ಹಾಕ್ತಾನೆ!"

"ಇಲ್ಲಿ ಇದ್ದೀನಾ ಅಂತ ನೋಡೋಕೆ ಬರ್ತಿರೋದಮ್ಮ, ಹೇಗಿದ್ದೀನಿ ಅಂತ ಅಲ್ಲ."

"ನೀವು ಸುಮ್ನಿರಿ. ಆಪರೇಷನ್‌ಗೆ ಮೊದಲು ರೋಗಿ ಮಾತಾಡಬಾರದು."

ಮುಂದಿನದೆಲ್ಲ ಬಿರುಗಾಳಿ. ಹಗ್ಗದ ಮೇಲಿದ್ದ ಬನಿಯನ್ನು, ಕುರ್ಚಿಗೆ ನೇತುಹಾಕಿದ್ದ ಪ್ಯಾಂಟು, ಬೀರುವಿನಲ್ಲಿದ್ದ ಇಸ್ತ್ರಿ ಬಟ್ಟೆ, ಎಲ್ಲ ನರ್ಸಮ್ಮನ ಮನೆಯ ವಾಷಿಂಗ್ ಮೆಷಿನ್ ಸೇರಿತು. ಹಳೇ ಪೇಪರು, ಸವೆದ ಚಪ್ಪಲಿ ಕಸದ ಗಾಡಿ ಹತ್ತಿತು. ಫ್ರಿಜ್ಜಿನಲ್ಲಿ ಇದ್ದಬದ್ದದ್ದೆಲ್ಲ 'ವಾಸನೆ' ಎಂದು ಹೊರಗೆ ಹೋಯಿತು. ಬ್ರಷ್ಷನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದ್ರಲ್ಲಿ ಶೂ ಉಜ್ಜೋದಕ್ಕೂ ನನಗೆ ಮನಸ್ಸು ಬರಲ್ಲ" ಎಂದು ಬುಟ್ಟಿಗೆ ಬಿಸಾಡಿದರು. ಕಂಡಕ್ಟರರು ಹೊಸ ಪೇಸ್ಟನ್ನು ಕೈಯಲ್ಲಿ ಹಿಡಿದು, ಹಲ್ಲುಜ್ಜದ ಬಾಯಿಯನ್ನು ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಕೊನೆಗೆ ಹಾಸಿಗೆಯ ಮೇಲೆ ಸುಕ್ಕಿಲ್ಲದ ಬಿಳಿ ಹೊದಿಕೆ ಬಿತ್ತು, ಮನೆಯೆಲ್ಲ ಫಿನಾಯಿಲ್ ಘಮಘಮಿಸಿತು.

ಅಷ್ಟರಲ್ಲಿ ಮೇಲಿನ ಮನೆಯ ಮೇಷ್ಟ್ರು, ಅವರೂ ಊರ ಕಡೆಯವರೇ, ಇಳಿದು ಬಂದರು. ಕರೆಯದೆಯೇ ಬರುವುದು ಅವರ ಅಭ್ಯಾಸ. "ಆಹಾ, ಕನ್ನಡಿ ಇದ್ದ ಹಾಗಿದೆ! ಸಾಕ್ಷಿ ಹೇಳೋಕೆ ನಾನಿದ್ದೀನಿ, ನೀವು ಬಾಯಿ ಬಿಡಬೇಡಿ" ಎಂದು ಧೈರ್ಯ ಹೇಳಿದರು.

ಮಧ್ಯಾಹ್ನ ಅಧಿಕಾರಿ ಬಂದರು. ತೆಳ್ಳಗಿನ ಆಸಾಮಿ, ನಿದ್ದೆಗೆಟ್ಟ ಕಣ್ಣು. ಅವರು ಆಡಿದ್ದು ಆ ದೇಶದ ಭಾಷೆ. ಕಂಡಕ್ಟರರಿಗೆ ಅರ್ಥವಾದ ಹಾಗೆ ಇಲ್ಲಿ ಹೇಳಿದೆ. ಹೊಸ್ತಿಲಲ್ಲಿ ನಿಂತು ಮೂಗು ಅರಳಿಸಿ ಅವರು ಕೇಳಿದ ಮೊದಲ ಪ್ರಶ್ನೆ: "ಈ ಮನೆ ಮಾರಾಟಕ್ಕಿದೆಯಾ?"

ಬೀರು ತೆಗೆದರು, ಖಾಲಿ. ಫ್ರಿಜ್ಜು ತೆಗೆದರು, ಒಳಗೆ ಬಲ್ಬು ಮಾತ್ರ ಉರಿಯುತ್ತಿತ್ತು. ಬಚ್ಚಲಲ್ಲಿ ಬ್ರಷ್ಷಿಲ್ಲ, ಡಬ್ಬಿ ಕೂಡ ಒಡೆಯದ ಒಂದು ಪೇಸ್ಟು ಇತ್ತು. ಅದನ್ನು ಎತ್ತಿ ಕಂಡಕ್ಟರರ ಮುಖ ನೋಡಿದರು.

"ಸಾರ್, ಇವರು ಇಲ್ಲೇ ಇರ್ತಾರೆ. ಅದಕ್ಕೆ ನಾನೇ ಸಾಕ್ಷಿ!" ಮೇಷ್ಟ್ರು ಮುಂದೆ ಬಂದರು. "ದಿನಾ ಬೆಳಗ್ಗೆ ನಮ್ಮನೇಲೇ ಕೂತು ಪೇಪರ್ ಓದ್ತಾರೆ."

"ಅಂದ್ರೆ ನಿಮ್ಮನೇಲಿ ಇರ್ತಾರೆ."

"ಛೇ ಛೇ, ಇಲ್ಲೇ ಇರೋದು ಸಾರ್," ಎಂದು ನರ್ಸಮ್ಮ ಕೈ ಜೋಡಿಸಿದರು. "ಎಷ್ಟು ಸಭ್ಯರು ಅಂದ್ರೆ, ಒಳಗೆ ಇದ್ದಾರೆ ಅನ್ನೋದೇ ಗೊತ್ತಾಗಲ್ಲ. ಒಂದು ಸದ್ದಿಲ್ಲ, ರಾತ್ರಿ ಒಂದು ದೀಪ ಇಲ್ಲ!"

ಕಂಡಕ್ಟರರಿಗೆ ಇಬ್ಬರ ಬಾಯಿಗೂ ಬಟ್ಟೆ ತುರುಕಬೇಕೆನ್ನಿಸಿತು. ಆದರೆ ಮನೆಯಲ್ಲಿ ತುರುಕಲು ಒಂದು ಬಟ್ಟೆಯೂ ಉಳಿದಿರಲಿಲ್ಲ.

ಅಧಿಕಾರಿ ನಿಟ್ಟುಸಿರಿಟ್ಟರು. "ಪಕ್ಕದ ಬೀದಿಯಲ್ಲಿ ಇನ್ನೊಬ್ಬರ ತಪಾಸಣೆ ಇದೆ, ಮುಗಿಸಿ ಬರ್ತೀನಿ. ವರದಿ ಆಮೇಲೆ ಬರೀತೀನಿ. ಇಲ್ಲಿ ಮನುಷ್ಯರು ಇದ್ದಾರೆ ಅನ್ನೋದಕ್ಕೆ ಅಷ್ಟರೊಳಗೆ ಏನಾದ್ರೂ ತೋರಿಸಿ."

ಅವರ ಬೆನ್ನು ಲಿಫ್ಟಿನಲ್ಲಿ ಮರೆಯಾಗುತ್ತಿದ್ದಂತೆ ಕಂಡಕ್ಟರರು ತಿರುಗಿ, "ನನ್ನ ಬಟ್ಟೆ ಕೊಡಮ್ಮ!" ಎಂದು ಕೂಗಿದರು. ನರ್ಸಮ್ಮ ಓಡಿದರು. ಮೆಷಿನ್ ಇನ್ನೂ ಗಿರಗಿರ ತಿರುಗುತ್ತಿತ್ತು. ತಿರುಗುವಷ್ಟು ತಿರುಗದೆ ಬಾಗಿಲು ತೆರೆಯುವ ಜಾತಿಯದಲ್ಲ. ಕಸದ ಗಾಡಿ ಊರಾಚೆ ಸೇರಿತ್ತು.

"ಹೆದರಬೇಡಿ," ಎಂದರು ಮೇಷ್ಟ್ರು. "ಮನೆ ತುಂಬೋದು ಎಷ್ಟು ಹೊತ್ತಿನ ಕೆಲಸ?"

ಬೇಡ ಬೇಡವೆಂದರೂ ಕೇಳುವವರಾರು? ಮೇಷ್ಟ್ರ ಎರಡು ಕೋಟು ಗೂಟಕ್ಕೆ ಏರಿದವು. ನರ್ಸಮ್ಮನ ಅಳಿಯ ಬಿಟ್ಟುಹೋದ ಬೂಟು, ತೀರಿಹೋದ ಯಜಮಾನರ ಚಪ್ಪಲಿ, ಸಾಲದೆಂದು ನರ್ಸಮ್ಮನದೇ ಒಂದು ಜೊತೆ ಬಾಗಿಲ ಬಳಿ ಸಾಲಾದವು. ಬಚ್ಚಲ ಲೋಟದಲ್ಲಿ ಬಣ್ಣಬಣ್ಣದ ಬ್ರಷ್ಷುಗಳು ಹೂದಾನಿಯ ಹಾಗೆ ನಿಂತವು. ಹಿಂದಿನ ಕೋಣೆಯಲ್ಲಿ ಚಾಪೆ, ದಿಂಬು, ಕಂಬಳಿ. ನೈಜತೆಗೆ ಏನೋ ಕೊರತೆಯಿದೆಯೆಂದು ಮೇಷ್ಟ್ರಿಗೆ ಅನ್ನಿಸಿ, ಆವೇಶದಲ್ಲಿ ತಮ್ಮ ಹಲ್ಲಿನ ಸೆಟ್ಟನ್ನೇ ಕಳಚಿ ಒಂದು ಗಾಜಿನ ಲೋಟದ ನೀರಿಗೆ ಬಿಟ್ಟು ಕಿಟಕಿಯಲ್ಲಿಟ್ಟರು.

ಅಧಿಕಾರಿ ತಿರುಗಿ ಬಂದಾಗ ಚಪ್ಪಲಿ ಸಾಲನ್ನು ದಾಟಲು ಸ್ವಲ್ಪ ಹಾರಬೇಕಾಯಿತು. ಕೋಟು ನೋಡಿದರು, ಬ್ರಷ್ಷು ನೋಡಿದರು, ಹಿಂದಿನ ಕೋಣೆಯ ಚಾಪೆಗಳನ್ನು ನೋಡಿದರು. ಕಿಟಕಿಯ ಮುಂದೆ ಬಹಳ ಹೊತ್ತು ನಿಂತರು.

"ಈ ಹಲ್ಲು ಯಾರದು?"

"ನಂದೇ ಸಾರ್," ಎಂದರು ಕಂಡಕ್ಟರರು, ತಮ್ಮ ಗಟ್ಟಿಮುಟ್ಟಾದ ಹಲ್ಲುಗಳನ್ನೆಲ್ಲ ತೋರಿಸುತ್ತ.

ಅಧಿಕಾರಿ ಮೇಷ್ಟ್ರ ಕಡೆ ತಿರುಗಿದರು. ಸಾಕ್ಷಿ ಹೇಳುತ್ತೇನೆಂದಿದ್ದ ಮೇಷ್ಟ್ರು ತುಟಿ ಪಿಟಕ್ಕೆನ್ನಲಿಲ್ಲ. ಅನ್ನುವ ಸ್ಥಿತಿಯಲ್ಲೂ ಇರಲಿಲ್ಲ.

"ಈಗ ಗೊತ್ತಾಯ್ತು," ಎಂದರು ಅಧಿಕಾರಿ. "ತಪಾಸಣೆ ಅಂತ ಬೆಳಗ್ಗೆ ಎಲ್ಲರನ್ನೂ ಹೊರಗೆ ಕಳಿಸಿದ್ರಿ. ನಾನು ಹೋದೆ ಅಂತ ವಾಪಸ್ ಕರೆಸಿದ್ರಿ. ಬಾಡಿಗೆಗೆ ಜನ ಇಟ್ಕೊಂಡಿದ್ದೀರಿ. ವೀಸಾ ಮುಂದುವರಿಸೋದಲ್ಲ, ಇವತ್ತೇ ರದ್ದು ಮಾಡಬೇಕಾಗುತ್ತೆ."

ಕಂಡಕ್ಟರರ ಬಾಯಿಗೆ ಎಲ್ಲಿಂದಲೋ ಬಲ ಬಂತು.

"ಬಾಡಿಗೆಗೆ ಜನಾನಾ? ನಾನಾ?" ಅವರು ಚಪ್ಪಲಿ ಸಾಲನ್ನು ದಾಟಿ ಮುಂದೆ ಬಂದರು. "ಸಾರ್, ನಾನು ಹುಟ್ಟಿದಾಗಿನಿಂದ ಜನರ ಮಧ್ಯೆ ಸಿಕ್ಕಿಹಾಕ್ಕೊಂಡು ಬದುಕಿದವನು. ಯಾರೂ ಕಾಲು ತುಳಿಯದೆ ಇರೋ ಜಾಗ ಬೇಕು ಅಂತ ಊರು ಬಿಟ್ಟು ಬಂದೆ. ಈ ಬೂಟು, ಈ ಕೋಟು, ಈ ಹಲ್ಲು, ಯಾವುದೂ ನಂದಲ್ಲ. ಪುಣ್ಯಾತ್ಮರು ಸಹಾಯ ಮಾಡಿದ್ದು. ನಂದು ಅಂತ ಈ ಮನೇಲಿ ಇರೋದು ನಿಶ್ಶಬ್ದ ಒಂದೇ. ಅಡುಗೆಮನೆ ಸ್ವಿಚ್ಚು ಒಂದು ಸಲಕ್ಕೆ ಹತ್ತಲ್ಲ, ಎರಡು ಸಲ ಒತ್ತಬೇಕು. ಬಚ್ಚಲ ಬಾಗಿಲನ್ನ ಸ್ವಲ್ಪ ಎತ್ತಿ ಹಾಕಬೇಕು. ಈ ಹೊತ್ತಿಗೆ ಆ ಕುರ್ಚಿ ಮೇಲೆ ಬಿಸಿಲು ಬೀಳುತ್ತೆ, ಕೂತ್ರೆ ಎಂಥವರಿಗೂ ಕಣ್ಣು ಎಳೆಯುತ್ತೆ. ಇಲ್ಲಿ ವಾಸ ಇಲ್ಲದೋನಿಗೆ ಇದೆಲ್ಲ ಹೇಗೆ ಗೊತ್ತಿರುತ್ತೆ? ಬೇಕಿದ್ರೆ ನೋಡಿ."

ಅಧಿಕಾರಿ ನೋಡಿದರು. ಸ್ವಿಚ್ಚು ಎರಡನೇ ಸಲಕ್ಕೇ ಹತ್ತಿತು. ಬಾಗಿಲು ಎತ್ತಿದರೆ ಮಾತ್ರ ಹಾಕಿಕೊಂಡಿತು. ಕೊನೆಗೆ ಕುರ್ಚಿಯಲ್ಲಿ ಕೂತರು. ಬಿಸಿಲು ಹಿತವಾಗಿ ಮೊಣಕಾಲ ಮೇಲೆ ಬಿತ್ತು. ಅಧಿಕಾರಿಯ ರೆಪ್ಪೆ ಮೆಲ್ಲಗೆ ಇಳಿಯಿತು, ತಲೆ ಒಂದು ಪಕ್ಕಕ್ಕೆ ವಾಲಿತು. ನರ್ಸಮ್ಮ ನಾಡಿ ನೋಡಲು ಹೋದರು. ಕಂಡಕ್ಟರರು ಕೈ ಹಿಡಿದು ನಿಲ್ಲಿಸಿದರು.

ಎಚ್ಚರವಾದಾಗ ಅಧಿಕಾರಿಯ ಮುಖವೇ ಬೇರೆಯಾಗಿತ್ತು. ಜೇಬಿನಿಂದ ಪೆನ್ನು ತೆಗೆದು, 'ವಾಸವಾಗಿದ್ದಾರೆ' ಎಂದು ಬರೆದು ಸಹಿ ಹಾಕಿದರು. ಕಂಡಕ್ಟರರಿಗೆ ಹೋದ ಜೀವ ಬಂದ ಹಾಗಾಯಿತು. ಮೇಷ್ಟ್ರು ಓಡಿಹೋಗಿ ಹಲ್ಲು ಹಾಕಿಕೊಂಡು ಮೊದಲು ಮಾಡಿದ ಕೆಲಸವೆಂದರೆ ನಗುವುದು.

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ," ಎಂದರು ಅಧಿಕಾರಿ, ಕುರ್ಚಿಯಿಂದ ಏಳದೆ. "ನನಗೆ ಈ ಊರಿಗೆ ಹೊಸದಾಗಿ ವರ್ಗ ಆಗಿದೆ. ಕಚೇರಿಯವರು ಕೊಟ್ಟಿರೋದು ಒಂದೇ ರೂಮು. ಹೆಂಡತಿ, ಅತ್ತೆ, ಮಾವ, ಭಾವಮೈದ, ಎಲ್ಲ ಅದರಲ್ಲೇ. ಕಣ್ಣು ತುಂಬ ನಿದ್ದೆ ಬಂದಿದ್ದು ಇವತ್ತೇ." ಹಿಂದಕ್ಕೆ ಕತ್ತು ಹೊರಳಿಸಿ ಕೇಳಿದರು, "ಆ ಹಿಂದಿನ ಕೋಣೆ ಖಾಲಿನಾ?"

"ಖಾಲಿನೇ ಸಾರ್!" ಕಂಡಕ್ಟರರು ಬಾಯಿ ತೆರೆಯುವ ಮೊದಲೇ ನರ್ಸಮ್ಮ ಹೇಳಿಬಿಟ್ಟರು. "ನಾನೇ ಗುಡಿಸಿ ಒರೆಸಿದ್ದೀನಿ."

ಆದರೂ ಕಂಡಕ್ಟರರ ಬಳಿ ಎಂದೂ ಕೈಕೊಡದ ಅಸ್ತ್ರವೊಂದಿತ್ತು. ಮುಖವನ್ನು ಎಂದಿನಂತೆ ಸಪ್ಪಗೆ ಮಾಡಿಕೊಂಡು ಕೈ ಮುಗಿದರು.

"ನನಗೂ ಆಸೆನೇ ಸಾರ್. ಏನ್ಮಾಡ್ಲಿ, ಬಾಡಿಗೆ ತಗೋಳೋ ಹಾಗಿಲ್ಲವಲ್ಲ. ನಿಮಗೆ ಗೊತ್ತಿಲ್ಲದ್ದೇನು?"

ಅಧಿಕಾರಿ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನಿಜವಾದ ಗೌರವವಿತ್ತು.

"ಕಾನೂನನ್ನ ಇಷ್ಟು ಚೆನ್ನಾಗಿ ತಿಳ್ಕೊಂಡೋರನ್ನ ನಾನು ನೋಡೇ ಇಲ್ಲ. ಬಾಡಿಗೆ ತಗೊಂಡ್ರೆ ನಿಮ್ಮ ವೀಸಾ ನಾನೇ ರದ್ದು ಮಾಡಬೇಕಾಗುತ್ತೆ. ನಿಮ್ಮಂಥ ಒಳ್ಳೆಯವರಿಗೆ ಆ ಗತಿ ಬರೋದು ಬೇಡ. ಅದಕ್ಕೇ ನಾನು ಬಾಡಿಗೆ ಕೊಡೋದಿಲ್ಲ. ಮುಂದಿನ ವರ್ಷದ ತಪಾಸಣೆಗೂ ನಾನೇ ಬರಬೇಕಲ್ಲ? ಇಲ್ಲೇ ಇದ್ದುಬಿಟ್ರೆ ಓಡಾಟ ಉಳಿಯುತ್ತೆ."

ಕಂಡಕ್ಟರರು ಕಣ್ಣು ಕಣ್ಣು ಬಿಟ್ಟರು. ಹಿಡಿದ ಕೈ ಇನ್ನೂ ಅಧಿಕಾರಿಯ ಕೈಯಲ್ಲೇ ಇತ್ತು. ಅದನ್ನೇ ಒಪ್ಪಿಗೆಯೆಂದು ತಿಳಿದು ಅವರು ಕುಲುಕಿ ಹೊರಟರು.

ಸಂಜೆ ಬಾಗಿಲ ಗಂಟೆ ಸದ್ದು ಮಾಡಿತು. ಅಧಿಕಾರಿ ಹೆಗಲಿಗೆ ಹಾಸಿಗೆ ಏರಿಸಿಕೊಂಡು ನಿಂತಿದ್ದರು. ಒಬ್ಬರೇ ಬರಬಹುದೆಂದು ಕಂಡಕ್ಟರರು ಮಧ್ಯಾಹ್ನದಿಂದ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಲಿಫ್ಟಿನ ಬಾಗಿಲು ತೆರೆಯಿತು. ಹೆಂಡತಿ ಪಾತ್ರೆಯ ಚೀಲದೊಂದಿಗೆ ಇಳಿದರು, ಅವರ ಹಿಂದೆ ಕೋಲೂರಿಕೊಂಡು ಅತ್ತೆ, ಅತ್ತೆಯ ಹಿಂದೆ ಟಿವಿ ತಬ್ಬಿಕೊಂಡು ಮಾವ. ಭಾವಮೈದ ಮೆಟ್ಟಿಲ ಮೇಲೆ ಮಂಚದ ಕಾಲುಗಳನ್ನು ಹೊತ್ತು ಏದುಸಿರು ಬಿಡುತ್ತಿದ್ದ. ಎಲ್ಲರೂ ಹೊಸ್ತಿಲ ಬಳಿ ಬಂದು ಒಟ್ಟೊಟ್ಟಿಗೆ ನಿಂತರು. ಯಾರದೋ ಮೊಣಕೈ ಕಂಡಕ್ಟರರ ಪಕ್ಕೆಗೆ ತಗುಲಿತು, ಇನ್ಯಾರೋ ಅವರ ಹೆಬ್ಬೆರಳನ್ನು ತುಳಿದರು.

ಆಗ, ಅಷ್ಟು ಕಾಲ ಸುಮ್ಮನಿದ್ದ ಅವರ ಬಾಯಿ ತಾನೇ ತಾನಾಗಿ ತೆರೆದುಕೊಂಡಿತು.

"ಮುಂದೆ ಹೋಗಿ, ಮುಂದೆ ಹೋಗಿ. ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಜಾಗ ಇದೆ."