ಎದೆಗೂಡಿನ ಸ್ಕೂಲಿನಲ್ಲಿ ಫೇಲಾದವರು

ಕೆಲವರಿಗೆ ಅನ್ನದಲ್ಲಿ ಕಲ್ಲು ಸಿಕ್ಕರೆ ಸದ್ದಿಲ್ಲದೆ ಪಕ್ಕಕ್ಕಿಟ್ಟು ಉಣ್ಣುವುದು ಗೊತ್ತು. ನನಗೆ ಆ ಕಲ್ಲನ್ನು ಮನೆಮಂದಿಗೆಲ್ಲ ತೋರಿಸಿದ ಮೇಲೇ ತುತ್ತು ಇಳಿಯುವುದು. ಈ ಗುಣಕ್ಕೆ ಪೆರುಂಗುಡಿಯ ಆಫೀಸಿನಲ್ಲಿ ಸಂಬಳ ಕೊಡುತ್ತಾರೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ತೊಂದರೆಯೆಂದರೆ, ವಡಪಳನಿಯ ಮನೆಗೆ ಬಂದಮೇಲೂ ನನ್ನ ಡ್ಯೂಟಿ ಮುಗಿಯುವುದಿಲ್ಲ. ತುಮಕೂರು ಬಿಟ್ಟು ಈ ತಮಿಳು ಊರಿಗೆ ಬಂದಾಗಿನಿಂದ ಒಂದು ಕಾನೂನು ನಡೆಸುತ್ತಿದ್ದೇನೆ: ಊಟಕ್ಕೆ ಕೂತವರು ಕನ್ನಡದಲ್ಲೇ ಮಾತಾಡಬೇಕು. ಮಗಳು ಅನಘಾಳ ಬಾಯಿಂದ ಒಂದು ತಮಿಳು ಪದ ಜಾರಿದರೆ, ಅವಳು ಏನೇ ಹೇಳುತ್ತಿರಲಿ, ತಡೆದು ತಿದ್ದುತ್ತೇನೆ. ಹೊರಗೆ ಮಾತ್ರ ನನ್ನಂಥ ಸಾಧು ಇನ್ನೊಬ್ಬನಿಲ್ಲ. ಆಟೋದವನು ಗದರಿದರೂ ಹಲ್ಲು ಕಿರಿಯುತ್ತೇನೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಸುಧಾ ಹೇಳುತ್ತಿದ್ದುದನ್ನು ಬರೀ ಗಾದೆ ಎಂದುಕೊಂಡಿದ್ದೆ. ಈಗ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಾರೆ.

ಆದದ್ದು ಇಷ್ಟು. ಬೆಳಗ್ಗೆ ಎದ್ದರೆ ಬೆರಳಿನ ಗಿಣ್ಣುಗಳು ಊದಿಕೊಂಡು, ಷರ್ಟಿನ ಗುಂಡಿ ಹಾಕಲು ಸುಧಾಳನ್ನು ಕರೆಯಬೇಕಾಗುತ್ತಿತ್ತು. ಏಸಿ ಗಾಳಿ ಎಂದು ಆರು ತಿಂಗಳು ತಳ್ಳಿದೆ. ಕೊನೆಗೆ ಎಗ್ಮೋರಿನ ಹತ್ತಿರ ಒಬ್ಬ ಡಾಕ್ಟರಮ್ಮನ ಬಳಿ ಹೋದೆ. ಅವರು ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಹತ್ತು ನಿಮಿಷ ವಿವರಿಸಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ನನ್ನ ಮೈಯನ್ನು ಕಾಯಬೇಕಾದ ಜೀವಕೋಶಗಳೇ ನನ್ನ ಕೀಲುಗಳನ್ನು ತಿನ್ನುತ್ತಿವೆ ಎಂಬುದಷ್ಟೇ ತಲೆಗೆ ಹೋಯಿತು. ಯಾಕೆ ಎಂದು ಕೇಳುವಷ್ಟು ತಮಿಳು ನನಗೆ ಬರುವುದಿಲ್ಲ, ಇಂಗ್ಲಿಷಿನಲ್ಲಿ ಕೇಳಲು ಸಂಕೋಚ.

ಅನಘಾ ಪ್ಲಸ್ ಟು, ಅಂದರೆ ನಮ್ಮ ಕಡೆಯ ಎರಡನೇ ಪಿಯುಸಿ, ಓದುತ್ತಿದ್ದಾಳೆ. ಮೈ ಕಾಯುವ ಜೀವಕೋಶಗಳ ಪಾಠ ಆಗಷ್ಟೇ ಮುಗಿದಿತ್ತಂತೆ. ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಶುರು ಮಾಡಿದಳು. "ಅಪ್ಪಾ, ನಾಳೆ ಯಾವ ರೋಗ ಬರುತ್ತೆ ಅಂತ ಮೈಗೆ ಗೊತ್ತಿರಲ್ಲ. ಅದಕ್ಕೆ ಬಿ ಸೆಲ್, ಟಿ ಸೆಲ್ ಎಲ್ಲ ತಮ್ಮ ಜೀನಿನ ತುಂಡು ಕತ್ತರಿಸಿ ಹೇಗೆಂದರೆ ಹಾಗೆ ಜೋಡಿಸ್ಕೊಳ್ತವೆ. ಅಮ್ಮಂಗೆ ಹತ್ತೇ ಸೀರೆ, ಹತ್ತೇ ಬ್ಲೌಸು ಇದ್ರೂ ನೂರು ಥರ ಉಡಬಹುದಲ್ಲ, ಹಾಗೆ. ಒಂದೊಂದು ಸೆಲ್ಲೂ ಒಂದೊಂದು ಶತ್ರುವನ್ನು ಹಿಡಿಯೋ ಕೈ ಮಾಡ್ಕೊಳ್ಳುತ್ತೆ. ಆದ್ರೆ ಕಣ್ಣುಮುಚ್ಚಿ ಜೋಡಿಸಿದ್ದಲ್ವಾ, ಕೆಲವು ನಮ್ಮನ್ನೇ ಹಿಡಿಯೋ ಹಾಗೆ ಆಗಿಬಿಡ್ತವೆ. ಅಪ್ಪರಂ..."

"ಆಮೇಲೆ ಅನ್ನು," ಎಂದೆ.

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಒಂಬತ್ತು ದಿನ ನನಗೆ "ಹ್ಞೂಂ", "ಇಲ್ಲ" ಎಂಬ ಎರಡೇ ಉತ್ತರ. ಎರಡೂ ಶುದ್ಧ ಕನ್ನಡ. ತಿದ್ದಲು ಏನೂ ಇರಲಿಲ್ಲ. ಬರುವ ವರ್ಷ ಕೊಯಮತ್ತೂರಿನ ಕಾಲೇಜಿಗೆ ಹೋಗಬೇಕೆಂದಿದ್ದಾಳೆ ಎಂಬುದೂ ಸುಧಾಳಿಂದ ತಿಳಿಯಿತು. "ಅವಳು ಮಾತಾಡ್ತಿದ್ದಳಲ್ಲ ರೀ, ಅದು ಸಾಲದಾ ನಿಮಗೆ?" ಎಂದಳು ಸುಧಾ. ನನಗೆ ಹೆದರಿಕೆಯಾಯಿತು. ಬೆರಳಿಗಾದರೆ ಮಾತ್ರೆ ಇದೆ.

ಹತ್ತನೆಯ ದಿನ ಭಾನುವಾರ, ಮಧ್ಯಾಹ್ನ ರಾಗಿಮುದ್ದೆ. ನನ್ನ ಬೆರಳುಗಳು ಮಡಚಲೇ ಒಪ್ಪಲಿಲ್ಲ. ಚಮಚದಲ್ಲಿ ಮುದ್ದೆ ಮುರಿಯಲು ಹೋದೆ. ಅದು ತಟ್ಟೆಯಿಂದ ಜಾರಿ ಮೇಜಿನ ಮೇಲೆ ಕೂತಿತು. ನಮ್ಮ ಕಡೆಯವರು ನೋಡಿದ್ದರೆ ಕುಲದಿಂದಲೇ ಹೊರಗೆ ಹಾಕುತ್ತಿದ್ದರು. ಅನಘಾ ಪಕ್ಕಕ್ಕೆ ಬಂದು ಕೂತಳು. ಮುದ್ದೆಯನ್ನು ಚಿಕ್ಕ ಚಿಕ್ಕ ತುತ್ತು ಮಾಡಿ ಸಾರಿನಲ್ಲಿ ಅದ್ದಿ ಇಟ್ಟಳು. ಕೈ ತೊಳೆದು ಬಂದು ಪುಸ್ತಕ ತೆರೆದಳು.

"ಎದೆಮೂಳೆ ಹಿಂದೆ ಥೈಮಸ್ ಅಂತ ಇದೆ, ಟಿ ಸೆಲ್‌ಗಳ ಸ್ಕೂಲು. ಅಲ್ಲಿ ನಮ್ಮ ಮೈಯ ಚೂರುಗಳನ್ನೇ ತೋರಿಸ್ತಾರೆ. ಗಟ್ಟಿಯಾಗಿ ಕಚ್ಚಿ ಹಿಡಿದ್ರೆ ಫೇಲು, ಅಲ್ಲೇ ಸಾಯಬೇಕು. ಬಿ ಸೆಲ್ ಮೂಳೆಯೊಳಗೇ ಬೆಳೆಯುತ್ತೆ. ಅದಕ್ಕೆ ತನ್ನ ಕೈಯನ್ನ ತಾನೇ ತಿದ್ಕೊಳ್ಳೋಕೆ ಇನ್ನೊಂದು ಚಾನ್ಸ್ ಕೊಡ್ತಾರೆ. ಆದ್ರೂ ಒಂದಷ್ಟು ತಪ್ಪಿಸ್ಕೊಂಡು ಹೊರಗೆ ಬರ್ತವೆ. ಅವನ್ನ ಸುಮ್ನಿರಿಸೋಕೆ ಬೇರೆ ಸೆಲ್‌ಗಳಿರ್ತವೆ. ಎಲ್ಲರಲ್ಲೂ ಹೀಗೇ. ನಿನ್ನಲ್ಲಿ ಅವಕ್ಕೆ ಸುಮ್ನಿರಿಸೋಕೆ ಆಗ್ತಿಲ್ಲ, ಅಷ್ಟೆ. ನೀನೇನೂ ತಪ್ಪು ಮಾಡಿ ಬಂದಿದ್ದಲ್ಲ ಅಪ್ಪಾ."

ಎಷ್ಟು ದಿನವಾಗಿತ್ತು ಅವಳು ನನ್ನ ಜೊತೆ ಇಷ್ಟು ಮಾತಾಡಿ! ನಡುವೆ ಮೂರು ತಮಿಳು ಪದ ಬಂದವು (ಇಲ್ಲಿ ಬರೆಯುವಾಗ ತಿದ್ದಿದ್ದೇನೆ). ಮೂರನ್ನೂ ಮುದ್ದೆಯ ಜೊತೆ ನುಂಗಿದೆ. ಸುಧಾ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು.

ಅನಘಾ ನನ್ನ ಊದಿದ ಕೈ ಮೇಲೆ ತನ್ನ ಕೈ ಇಟ್ಟು, "ಪುರಿಂಜುದಾ ಅಪ್ಪಾ?" ಎಂದು ಕೇಳಿದಳು.

"ಅರ್ಥವಾಯ್ತಾ ಅನ್ನಬೇಕು," ಎಂದೆ.

ಕೈ ತೆಗೆದಳು. ಪುಸ್ತಕ ಮುಚ್ಚಿ ಒಳಗೆ ಹೋದಳು. ನನಗೆ ಅರ್ಥವಾಗಿತ್ತು, ಒಂದೊಂದು ಮಾತೂ ಅರ್ಥವಾಗಿತ್ತು. ಹಾಗೆಂದು ಹೇಳಲು ಬಾಯಿ ತೆರೆದಾಗಲೇ ಈ ತಿದ್ದುಪಡಿ ಹೊರಗೆ ಬಂದದ್ದು.