ಅಡುಗೆಮನೆಗೊಂದು ಅಗ್ಗದ ಮ್ಯಾಗ್ನೆಟ್ ಬೋರ್ಡು

ಅಂಗಡಿಯವರ ಮಾತನ್ನು ನಂಬದಿರುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ, ಬದನೆಕಾಯಿಯನ್ನು ಸುತ್ತ ತಿರುಗಿಸಿ ನೋಡದೆ ಚೀಲಕ್ಕೆ ಹಾಕಿದವನಲ್ಲ. ಹೀಗಾಗಿ ಹೆಂಡತಿ ಗಿರಿಜಾಳಿಗೆ ಅಗ್ಗದಲ್ಲಿ ಮ್ಯಾಗ್ನೆಟ್ ಬೋರ್ಡು ಮಾಡಿಕೊಡುವ ಹೊಣೆಯನ್ನು ಧೈರ್ಯದಿಂದ ಹೊತ್ತುಕೊಂಡೆ.

ಗಿರಿಜಾ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಆರ್ಡರ್ ಚೀಟಿಗಳು ಫ್ಯಾನಿನ ಗಾಳಿಗೆ ಹಾರಿ ಎಲ್ಲೆಲ್ಲೋ ಸೇರುತ್ತಿದ್ದವು. "ಒಂದ್ ಆರ್ಡರ್ ತಪ್ಪಿದ್ರ ನನ್ನ ಹೆಸರು ಹೋಗ್ತೈತಿ ನೋಡ್ರಿ" ಎಂಬುದು ಅವಳ ಚಿಂತೆ. ಗೋಡೆಗೊಂದು ತಗಡು ಹೊಡೆದರೆ, ಚೀಟಿಯ ಮೇಲೆ ಮ್ಯಾಗ್ನೆಟ್ ಇಟ್ಟು ನಿಲ್ಲಿಸಬಹುದು. ಇದರಲ್ಲೇನಿದೆ ಮಹಾ!

ಬೆಟಗೇರಿಯ ಅಂಗಡಿಯವನು ಒಂದು ಮಂಕು ತಗಡು ತೋರಿಸಿದ. ಪಕ್ಕದಲ್ಲಿ ಫಳಫಳ ಹೊಳೆಯುವ ಸ್ಟೀಲ್ ಹಾಳೆ ಇತ್ತು.

"ಅದನ್ನ ಕೊಡ್ರಿ," ಎಂದೆ.

"ಬ್ಯಾಡ್ರಿ ಸರ, ಅದು ತುಟ್ಟಿ. ಮ್ಯಾಲ ಅದಕ್ಕ ಮ್ಯಾಗ್ನೆಟ್ ಹತ್ತಂಗಿಲ್ಲ. ನಿಮಗ ಈ ತಗಡ ಛಲೋ," ಎಂದ ಅವನು, ನಗುತ್ತ.

ತುಟ್ಟಿ ಮಾಲು ಬೇಡ ಎನ್ನುವ ವ್ಯಾಪಾರಿ! ನನ್ನ ಹುಬ್ಬು ಮೇಲೇರಿತು. ಮಾರಾಟವಾಗದೆ ಉಳಿದ ತಗಡನ್ನು ನನ್ನ ತಲೆಗೆ ಕಟ್ಟುವ ಹುನ್ನಾರವಿದು! ಹೊಳೆಯುವುದನ್ನೇ ಹಟ ಹಿಡಿದು ಕತ್ತರಿಸಿಕೊಂಡು, ಯುದ್ಧ ಗೆದ್ದವನಂತೆ ಮನೆಗೆ ಬಂದೆ.

ಗೋಡೆಗೆ ಹೊಡೆದು ಮ್ಯಾಗ್ನೆಟ್ ಇಟ್ಟೆ. ಬಿತ್ತು. ಇನ್ನೊಂದು ಇಟ್ಟೆ. ಅದೂ ಬಿತ್ತು! ಮ್ಯಾಗ್ನೆಟ್ ಮಾರಿದವನೇ ಕಳ್ಳನೆಂದು ಬೇರೊಂದು ಅಂಗಡಿಗೆ ಓಡಿ ಹೊಸವು ತಂದೆ. ಅವೂ ಬಿದ್ದವು. ಮೂವರೂ ಅಂಗಡಿಯವರು ಮೊದಲೇ ಮಾತಾಡಿಕೊಂಡಿದ್ದಾರೆಂಬುದು ನನಗೆ ಖಚಿತವಾಯಿತು! ಅಷ್ಟರಲ್ಲಿ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದ ಗಿರಿಜಾ ಬರುವ ಹೊತ್ತಾಯಿತು. ಮರ್ಯಾದೆಯ ಪ್ರಶ್ನೆ. ಚೀಟಿಗೂ ಮ್ಯಾಗ್ನೆಟ್ಟಿಗೂ ಗೋಂದು ಸವರಿ ಅಂಟಿಸಿಬಿಟ್ಟೆ.

"ಅಯ್ಯ, ಎಷ್ಟ್ ಚಂದ ಕುಂತಾವ್ರಿ!" ಎಂದು ಅವಳು ಹಿಗ್ಗಿದಳು. ಆ ಹೊಗಳಿಕೆಯ ಮೇಲೂ ನನಗೆ ಯಾಕೋ ಅನುಮಾನವೇ ಬಂತು.

ಮರುದಿನ ಒಲೆಯ ಕಾವಿಗೆ ಗೋಂದು ಸಡಿಲಾಗಿ, ಲಕ್ಷ್ಮೇಶ್ವರದವರ ಚೀಟಿ ಸದ್ದಿಲ್ಲದೆ ಜಾರಿ ಸಿಲಿಂಡರಿನ ಹಿಂದೆ ಸೇರಿತು. ಅದು ಗೊತ್ತಾದದ್ದು ಸಂಜೆ, ಲಕ್ಷ್ಮೇಶ್ವರದ ಹಿರಿಯರೊಬ್ಬರು ಖಾಲಿ ಚೀಲ ಹಿಡಿದು ಬಾಗಿಲಿಗೆ ಬಂದಾಗ.

"ನಾಳಿ ಮೊಮ್ಮಗಳನ್ನ ತೊಟ್ಲಾಗ ಹಾಕೋದೈತವಾ. ರೊಟ್ಟಿ ಕಟ್ಟಿಟ್ಟೀಯಿಲ್ಲ?"

ಗಿರಿಜಾಳ ಮುಖ ಬಿಳಿಚಿತು. "ಕುಂಡ್ರಿ ಕಾಕಾ, ಚಾ ಕುಡೀರಿ," ಎಂದವಳೇ, ಮುಂಡರಗಿಯವರಿಗೆಂದು ಮಾಡಿಟ್ಟಿದ್ದ ರೊಟ್ಟಿಯನ್ನೆಲ್ಲ ಅವರಿಗೆ ಕಟ್ಟಿಕೊಟ್ಟು ಕಳಿಸಿದಳು. ಆಮೇಲೆ ನೇರವಾಗಿ ಬೋರ್ಡಿನ ಬಳಿ ಬಂದು ಒಂದು ಮ್ಯಾಗ್ನೆಟ್ ಕಿತ್ತಳು. ಬೆನ್ನ ತುಂಬ ಗೋಂದು!

"ಅಂಗಡ್ಯಾಂವ ಏನೂ ಹೇಳಿರ್ಲಿಲ್ಲೇನ್ರಿ?"

"ಹೇಳಿದ್ದ. ಹತ್ತಂಗಿಲ್ಲಂತ."

"ಮತ್ತ?"

"ನಕ್ಕೋಂತ ಹೇಳಿದ. ಅದಕ್ಕ ಸಂಶೆ ಬಂತು."

ಅವಳು ಮುಂಡರಗಿಯವರಿಗಾಗಿ ಹೊಸದಾಗಿ ಹಿಟ್ಟು ನಾದಿ ರೊಟ್ಟಿ ಬಡಿಯಲು ಕುಳಿತಳು. ಅವಳ ದಣಿದ ಕೈ ನೋಡಿ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅಂತೂ ಗಿರಿಜಾಳ ಹೆಸರು ಉಳಿಯಿತು. ಚೀಟಿಗಳು ಈಗ ಒಂದು ಮೊಳೆಗೆ ಚುಚ್ಚಿಸಿಕೊಂಡು ಸುಖವಾಗಿವೆ. ಹೊಳೆಯುವ ಹಾಳೆಯನ್ನು ಅವಳು ಬಚ್ಚಲಿನ ಪಕ್ಕ ಹಾಕಿಸಿ, ನನ್ನ ದಾಡಿಗೆ ಅದೇ ಕನ್ನಡಿ ಎಂದು ತೀರ್ಪು ಕೊಟ್ಟಿದ್ದಾಳೆ. ಈ ವ್ಯವಹಾರದಲ್ಲಿ ನನಗೆ ಟೋಪಿ ಹಾಕಿದ ಆಸಾಮಿ ದಿನಾ ಬೆಳಿಗ್ಗೆ, ಮುಖಕ್ಕೆ ನೊರೆ ಬಳಿದುಕೊಂಡು, ನನ್ನೆದುರಿಗೇ ಬಂದು ನಿಲ್ಲುತ್ತಾನೆ!