ಇಲ್ಲದ ಸಿನಿಮಾಕ್ಕೆ ನಾಲ್ಕೂವರೆ ನಕ್ಷತ್ರ

ಹೊಡೆದಾಟದ ಸಿನಿಮಾವನ್ನು ಒಬ್ಬಳೇ ಕೂತು ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಅಳುವ ಸಿನಿಮಾ ಆದರೆ ಪರವಾಗಿಲ್ಲ. ಎರಡು ಕಣ್ಣು, ಒಂದು ಕರ್ಚೀಫು ಇದ್ದರೆ ವ್ಯವಹಾರ ಮುಗಿಯುತ್ತದೆ. ಆದರೆ ಖಳನಾಯಕ ಮೂರನೇ ಮಹಡಿಯ ಕಿಟಕಿ ಒಡೆದುಕೊಂಡು ಕೆಳಗಿದ್ದ ಹಣ್ಣಿನ ಗಾಡಿಯ ಮೇಲೆ ಬೀಳುವಾಗ, “ನೋಡೇ, ನೋಡೇ, ಪಾಪ ಆ ಗಾಡಿಯವನ ಗತಿ!” ಎಂದು ಪಕ್ಕದವರ ಪಕ್ಕೆಗೆ ತಿವಿಯದಿದ್ದರೆ, ಅವನು ಬಿದ್ದೂ ದಂಡ, ನಾನು ನೋಡಿಯೂ ದಂಡ. ಸೋಫಾದ ದಿಂಬಿಗೆ ತಿವಿದು ನೋಡಿದೆ. ಅದು “ಹೂಂ” ಅನ್ನಲಿಲ್ಲ.

ತಿವಿಸಿಕೊಳ್ಳಲು ಗಂಡ ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಲೀಟರಿನ ಪಾತ್ರೆ ಸರಿಯಿವೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಮನೆಯಲ್ಲೂ ಮಾತನ್ನು ತೂಗಿಯೇ ಆಡುತ್ತಾರೆ. ದಿನಕ್ಕೆ ಇನ್ನೂರು ಗ್ರಾಂ ಮೀರುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ನಿಜವಾಗಿದ್ದರೆ ನಮ್ಮ ಮನೆ ಇಷ್ಟು ಹೊತ್ತಿಗೆ ಚಿನ್ನದ ಗಣಿಯಾಗಬೇಕಿತ್ತು. ಒಮ್ಮೆ ಅವರನ್ನು ಬಲವಂತವಾಗಿ ಸೋಫಾದಲ್ಲಿ ಕೂರಿಸಿಕೊಂಡೆ. ನಾಯಕ ಆರು ಗುಂಡಿನ ಪಿಸ್ತೂಲಿನಿಂದ ಏಳನೆಯ ಗುಂಡು ಹಾರಿಸಿದ. ಅವರು ಎದ್ದು ಹೋದರು.

ಹಾಗಾಗಿ ನನ್ನ ತಿವಿತಗಳೆಲ್ಲ ಮೂವತ್ತೈದು ವರ್ಷಗಳಿಂದ ಒಬ್ಬಳದೇ ಪಾಲು. ಅವಳು ನನ್ನ ಕಾನ್ವೆಂಟ್ ಗೆಳತಿ. ಅಡ್ಡಹೆಸರು ಇಕ್ಕಳ. (ಸಿಸ್ಟರುಗಳು ವರ್ಷಕ್ಕೊಮ್ಮೆ ಸಂತರ ಸಿನಿಮಾ ತೋರಿಸುವಾಗ, ಪರದೆಯ ಮೇಲೆ ಸಿಂಹ ಬಾಯಿ ತೆರೆದರೆ ಸಾಕು, ನನ್ನ ತೋಳನ್ನು ಹಾಗೆ ಹಿಡಿಯುತ್ತಿದ್ದಳು.) ದೊಡ್ಡವಳಾಗಿ ಹಲ್ಲಿನ ಡಾಕ್ಟರಾದಳು, ಹೆಸರು ಸಾರ್ಥಕವಾಯಿತು. ನನ್ನನ್ನು ಅವಳು ಕರೆಯುವುದು ‘ರೀಲು’ ಎಂದು. ನಾನು ಸಿನಿಮಾ ಹುಚ್ಚಿ ಎಂಬುದು ಅದಕ್ಕೆ ಅರ್ಧ ಕಾರಣ ಮಾತ್ರ.

ಅವಳ ಕ್ಲಿನಿಕ್ ನಮ್ಮ ಬೀದಿಯಲ್ಲೇ ಇದ್ದಾಗ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಸೋಫಾದಲ್ಲಿ ‘ಜೋಡಿ ಚಿತ್ರ’ ಕಾರ್ಯಕ್ರಮ. ಒಂದು ಸಿನಿಮಾ ಅವಳ ಆಯ್ಕೆ, ಒಂದು ನನ್ನದು. ಎರಡೂ ಹಳೆಯವಾಗಿರಬೇಕು, ಎರಡನ್ನೂ ಹೆಚ್ಚು ಜನ ನೋಡಿರಬಾರದು, ಎರಡರಲ್ಲೂ ಕಳ್ಳರು ಪೊಲೀಸರು ಇರಬೇಕು. ಜೊತೆಗೆ ಎರಡಕ್ಕೂ ಏನಾದರೊಂದು ನಂಟಿರಬೇಕು: ಎರಡರಲ್ಲೂ ಒಂದೇ ಸೇತುವೆಯಿಂದ ಕಾರು ಬೀಳುವುದೋ, ಒಬ್ಬನೇ ಬಡಪಾಯಿ ನಟ ಎರಡರಲ್ಲೂ ಮೊದಲ ಹತ್ತು ನಿಮಿಷದಲ್ಲಿ ಸಾಯುವುದೋ. ನೋಡಿದ ಮೇಲೆ ಐದರಲ್ಲಿ ಎಷ್ಟು ನಕ್ಷತ್ರ ಕೊಡಬೇಕೆಂದು ಜಗಳವಾಡಿ, ಆ ಜಗಳವನ್ನು ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದೆವು. ಅಪಾರ ಜನಪ್ರಿಯತೆ. ಕೇಳುಗರು ಹನ್ನೊಂದು ಮಂದಿ. (ನಮ್ಮಿಬ್ಬರನ್ನೂ ಸೇರಿಸಿ.)

ನಾಲ್ಕು ತಿಂಗಳ ಹಿಂದೆ ಅವಳ ಕ್ಲಿನಿಕ್ ಇದ್ದ ಕಟ್ಟಡವನ್ನು ಕೆಡವಿದರು. ಅವಳು ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿಗೆ ಹೋದಳು. ಕಾರ್ಯಕ್ರಮ ನಿಲ್ಲಬಾರದೆಂದು ಹೊಸ ಪದ್ಧತಿ ಜಾರಿಗೆ ತಂದೆವು: ಅವಳ ಸಿನಿಮಾ ಅವಳು ನೋಡುವುದು, ನನ್ನದು ನಾನು. ಶನಿವಾರ ಫೋನಿನಲ್ಲಿ ಒಬ್ಬರಿಗೊಬ್ಬರು ಕಥೆ ಹೇಳುವುದು. ಕೇಳಿದವರು ನಕ್ಷತ್ರ ಕೊಡುವುದು.

“ಅರ್ಧ ಕೆಲಸ, ಪೂರ್ತಿ ಜಗಳ” ಎಂದಳು ಇಕ್ಕಳ.

ಮೊದಲ ವಾರ ನಾನು ಒಂಬತ್ತು ನಿಮಿಷ ನೋಡಿದೆ. ಮನೆಯಲ್ಲಿ ಪಿಸ್ತೂಲಿನ ಸದ್ದು; ಅದು ನಿಂತರೆ ಫ್ರಿಜ್ಜಿನ ಸದ್ದು. ಟಿವಿ ಆರಿಸಿ ಇಸ್ತ್ರಿಗೆ ಕೂತೆ. ಶನಿವಾರ ಫೋನು ಬಂತು.

“ಹೇಳೇ ರೀಲು, ಏನು ನೋಡಿದೆ?”

ನೋಡಲಿಲ್ಲ ಅಂದರೆ ಮಾತು ಐದು ನಿಮಿಷಕ್ಕೆ ಮುಗಿಯುತ್ತದೆ. ಇಡೀ ವಾರದಲ್ಲಿ ನನ್ನನ್ನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವಳು ಅವಳೊಬ್ಬಳು. (ನಮ್ಮ ಮನೆಯವರು “ಟವೆಲ್ ಎಲ್ಲಿ?” ಎಂದು ಕೇಳುವುದುಂಟು. ನಾನು ಉತ್ತರ ಹೇಳುವುದರೊಳಗೆ ಒರೆಸಿಕೊಳ್ಳುತ್ತಿರುತ್ತಾರೆ.) ಹಾಗಾಗಿ ಇಸ್ತ್ರಿ ಮಾಡುವಾಗ ತಲೆಗೆ ಬಂದದ್ದನ್ನೆಲ್ಲ ಸಿನಿಮಾ ಎಂದು ಹೇಳಿಬಿಟ್ಟೆ.

“ಇಸ್ತ್ರಿಪೆಟ್ಟಿಗೇಲಿ ಸಾಯಿಸ್ತಾನಾ? ಭೇಷ್!” ಎಂದು ಅವಳು ಮೂರು ನಕ್ಷತ್ರ ಕೊಟ್ಟಳು.

ರುಚಿ ಹತ್ತಿತು. ಹದಿನಾಲ್ಕು ವಾರಗಳಲ್ಲಿ ಹದಿನಾಲ್ಕು ಸಿನಿಮಾ ತೆಗೆದೆ. ನಿರ್ಮಾಪಕಿ, ನಿರ್ದೇಶಕಿ, ಸಾಹಸ ಸಂಯೋಜಕಿ, ಸತ್ತ ಪೊಲೀಸಿನವನ ವಿಧವೆ, ಎಲ್ಲ ನಾನೇ. “ಎಲ್ಲಿ ಹುಡುಕಿದ್ರೂ ಸಿಗ್ತಿಲ್ಲವಲ್ಲೇ” ಎಂದು ಅವಳು ಗೊಣಗಿದರೆ, “ಅಷ್ಟು ಅಪರೂಪದ್ದು ಕಣೇ” ಎನ್ನುತ್ತಿದ್ದೆ. ಅದೊಂದು ಮಾತು ಮಾತ್ರ ಸತ್ಯವಾಗಿತ್ತು.

ಹದಿನೈದನೆಯದು ನನ್ನ ಮೇರುಕೃತಿ. ಇಬ್ಬರು ಕಳ್ಳರು. ಒಬ್ಬ ತಿಜೋರಿ ತೆರೆಯುವುದರಲ್ಲಿ ನಿಸ್ಸೀಮ, ಆದರೆ ಕಿವಿ ಒಂದಿಷ್ಟೂ ಕೇಳಿಸದು. ತಿಜೋರಿಯ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬೀಗ ಒಳಗೆ ‘ಟಿಕ್’ ಎನ್ನುವುದನ್ನು ಹಲ್ಲಿನ ಬೇರಿನಲ್ಲೇ ಗುರುತಿಸುತ್ತಾನೆ. (ಹಲ್ಲು ಬಂದದ್ದು ಇಕ್ಕಳವನ್ನು ಮೆಚ್ಚಿಸಲು, ಒಪ್ಪಿಕೊಳ್ಳುತ್ತೇನೆ.) ಇನ್ನೊಬ್ಬ ಬಾಗಿಲಲ್ಲಿ ಕಾವಲು ನಿಲ್ಲುವ ಜೊತೆಗಾರ. ಮೊದಲರ್ಧದಲ್ಲಿ ಪೊಲೀಸ್ ಸೈರನ್ ಕೇಳಿದ ಕೂಡಲೇ ಇಬ್ಬರೂ ಛಾವಣಿಯಿಂದ ಛಾವಣಿಗೆ ಹಾರುತ್ತಾರೆ. ಆಮೇಲೊಂದು ದಿನ ಜೊತೆಗಾರ ಹೇಳದೆ ಕೇಳದೆ ಬೇರೆ ಊರಿಗೆ ಹೋಗಿಬಿಡುತ್ತಾನೆ, ದ್ರೋಹಿ. ಇವನು ಒಬ್ಬನೇ ಕಳ್ಳತನಕ್ಕೆ ಹೋಗುತ್ತಾನೆ. ಹಿಡಿಯನ್ನು ಕಚ್ಚಿಕೊಂಡು ನಿಂತಿರುವಾಗ ಹಿಂದೆ ಬೂಟುಗಳು ಬರುತ್ತವೆ. ಇವನಿಗೆ ಕೇಳಿಸುವುದಿಲ್ಲ. ಹೇಳುವವರಿಲ್ಲ. ಶುಭಂ.



“ಯಾವ ಹಲ್ಲೇ?” ಎಂದಳು ಇಕ್ಕಳ.

“ಮುಂದಿನದು.”

“ಮೇಲಿಂದಾ, ಕೆಳಗಿಂದಾ?”

“ಎರಡೂ. ಕಚ್ಚಬೇಕಲ್ಲ.”

ನಾಲ್ಕೂವರೆ ನಕ್ಷತ್ರ! ನಮ್ಮ ಇತಿಹಾಸದಲ್ಲೇ ದಾಖಲೆ. ನಮ್ಮ ಕೇಳುಗರಲ್ಲೊಬ್ಬರು, ಹಿಂದೆ ಥಿಯೇಟರಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರು, “ಈ ಚಿತ್ರವನ್ನು ನಾನೇ ಮೂರು ವಾರ ಓಡಿಸಿದ್ದೇನೆ, ಛಾವಣಿಯ ದೃಶ್ಯಕ್ಕೆ ಶಿಳ್ಳೆ ಬೀಳುತ್ತಿತ್ತು” ಎಂದು ಬರೆದರು. ಓದಿ ನನಗೇ ಒಂದು ಕ್ಷಣ ಅನುಮಾನ ಬಂತು.

ಮಂಗಳವಾರ, ಅಂದರೆ ಅವಳ ದಿನವಲ್ಲದ ದಿನ, ಇಕ್ಕಳ ಫೋನು ಮಾಡಿದಳು.

“ರೀಲು, ಬರೋ ಭಾನುವಾರ ನಾನು ಅಲ್ಲಿಗೆ ಬರ್ತೀನಿ. ಆ ಹಲ್ಲಿನ ಸಿನಿಮಾ ಹಾಕು. ಇಬ್ಬರೂ ಕೂತು ನೋಡೋಣ.”

ನಾಲ್ಕು ತಿಂಗಳಿಂದ ಬಾ, ಬಾ ಎಂದು ಕರೆಯುತ್ತಲೇ ಇದ್ದೆ. ಹೊಸ ಜಾಗ, ರಜೆ ಹಾಕಿದರೆ ಬರುವ ಒಬ್ಬಿಬ್ಬರೂ ಬರುವುದಿಲ್ಲ ಎನ್ನುತ್ತಿದ್ದಳು. ಈಗ ತಾನಾಗಿ ಬರುತ್ತಿದ್ದಾಳೆ! ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಸಿನಿಮಾ ಇದ್ದಾಗ ನನಗೆ ಜೊತೆ ಇರಲಿಲ್ಲ. ಜೊತೆ ಬರುವಾಗ ಸಿನಿಮಾ ಇಲ್ಲ.

“ಡಿಸ್ಕಿಗೆ ಗೀರು ಬಿದ್ದಿದೆ ಕಣೇ.”

“ಇಟ್ಟಿರು, ಪಾಲಿಶ್ ಮಾಡ್ತೀನಿ. ದಿನಾ ಅದೇ ತಾನೇ ನನ್ನ ಕೆಲಸ?”

“ಅದನ್ನ... ಲೈಬ್ರರಿಗೆ ವಾಪಸ್ ಕೊಟ್ಟೆ.”

“ಗೀರು ಬಿದ್ದದ್ದನ್ನ? ಸರಿ, ಮತ್ತೆ ತಗೊಂಡು ಬಾ.”

“ಲೈಬ್ರರಿ ಮುಚ್ಚಿಬಿಟ್ಟಿದೆ.”

“ಯಾವಾಗ?”

“ಈಗ.”

ಒಲೆ ಮೇಲೆ ಹಾಲಿದೆ ಎಂದು ಫೋನಿಟ್ಟೆ. (ಹಾಲೂ ಇರಲಿಲ್ಲ.) ಪೇಪರಿನ ಹಿಂದಿನಿಂದ ದನಿ ಬಂತು.

“ಒಂಬತ್ತು ನಿಮಿಷ.”

“ಏನ್ರೀ ಒಂಬತ್ತು ನಿಮಿಷ?”

“ಮೊದಲ ವಾರ ನೀನು ಟಿವಿ ನೋಡಿದ್ದು. ಆಮೇಲೆ ಅದೂ ಇಲ್ಲ. ಶನಿವಾರ ಕಥೆ ಹೇಳೋದು ಮಾತ್ರ ಒಂದು ಗಂಟೆ ನಲವತ್ತು ನಿಮಿಷ. ಅಳತೇಲಿ ಮೋಸ.”

“ಜಾಸ್ತಿ ಕೊಟ್ಟರೂ ಮೋಸವಾ?”

“ಖಾಲಿ ಡಬ್ಬಕ್ಕೆ ಮುಚ್ಚಳ ಹಾಕಿ ತುಂಬಿದೆ ಅಂತ ಮಾರೋದಕ್ಕೆ ಬೇರೆ ಹೆಸರಿಲ್ಲ.”

“ಮೊದಲೇ ಗೊತ್ತಿದ್ದರೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?”

“ಯಾರೂ ದೂರು ಕೊಟ್ಟಿರಲಿಲ್ಲ” ಎಂದು ಪುಟ ಮಗುಚಿದರು. ಇಡೀ ವಾರದ ಗ್ರಾಮುಗಳೆಲ್ಲ ಒಂದೇ ದಿನ ಖರ್ಚಾಗಿದ್ದವು.

ಕಾನ್ವೆಂಟಿನಲ್ಲಿ ನಾನು ಕಲಿತದ್ದು ಎರಡು, ಕಸೂತಿ ಮತ್ತು ಪಶ್ಚಾತ್ತಾಪ. ಕಸೂತಿ ಕೈಬಿಟ್ಟಿದೆ. ಮರುದಿನ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಬಿದ್ದು ಬಿದ್ದು ನಗುತ್ತಾಳೆ, ‘ಹೇಗೂ ಬರ್ತೀನಿ ಬಿಡೇ’ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

“ಹದಿನೈದೂ?”

“ಹದಿನೈದೂ. ಮೊದಲನೇದರಲ್ಲಿ ಒಂಬತ್ತು ನಿಮಿಷ ನಿಜ.”

“ಮೊನ್ನೆ ಭಾನುವಾರ ಇಡೀ ದಿನ ಮೂರು ಹಳೇ ಡಿಸ್ಕ್ ಅಂಗಡಿ ಅಲೆದೆ ಕಣೇ. ಅಂಗಡಿಯವನಿಗೆ ಅರ್ಥ ಆಗಲಿ ಅಂತ ಅವನ ಷಟರ್ ಬೀಗಾನ ಹಲ್ಲಲ್ಲಿ ಕಚ್ಚಿ ತೋರಿಸಿದೀನಿ. ಡಾಕ್ಟ್ರು ನಾನು!” ದನಿ ಏರಿತು. “ನಾನು ಕೂತು ನೋಡಿದ ಸಿನಿಮಾಗೆ ಆ ವಾರ ನೀನು ಕೊಟ್ಟಿದ್ದು ಎರಡು ನಕ್ಷತ್ರ. ನೀನು ನೋಡದೇ ಇರೋದಕ್ಕೆ ನನ್ನ ಕೈಯಲ್ಲಿ ನಾಲ್ಕೂವರೆ ಕೊಡಿಸಿದೆ!”

ಫೋನು ಕಟ್ಟಾಯಿತು.

ಭಾನುವಾರ ಯಾರೂ ಬರಲಿಲ್ಲ. ಅದಕ್ಕೆ ಮುಂಚಿನ ಶನಿವಾರ ಫೋನೂ ಬಂದಿರಲಿಲ್ಲ. ಶರಟುಗಳು ಮುಗಿದ ಮೇಲೆ ದಿಂಬಿನ ಚೀಲ, ಒರೆಸುವ ಬಟ್ಟೆ, ಕೊನೆಗೆ ಕರ್ಟನ್ನುಗಳಿಗೂ ಇಸ್ತ್ರಿ ಹಾಕಿದೆ. ಫೋನು ಸರಿಯಿದೆಯೇ ಎಂದು ನನ್ನ ನಂಬರಿಗೆ ನಾನೇ ಮಾಡಿದೆ; ಸದಾ ಬಿಡುವಿಲ್ಲದವಳಂತೆ ಎಂಗೇಜ್ ಸದ್ದು ಬಂತು. ಎರಡನೆಯ ಶನಿವಾರ ನಿಜವಾಗಿಯೂ ಒಂದು ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಚೆನ್ನಾಗಿತ್ತು. ಹಾಗೆಂದು ಹೇಳಲು ಯಾರೂ ಇರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ನಮ್ಮ ಮನೆಯವರು ಕರ್ಟನ್ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಬಸ್ಸಿದೆ” ಎಂದರು. “ಮೂರು ಗಂಟೆ ಐದು ನಿಮಿಷ.”

ಸೋಮವಾರ ಹೊರಟೆ. ಕ್ಷಮೆ ಕೇಳಲು ಬಂದಿದ್ದೇನೆಂದರೆ ಬಾಗಿಲಲ್ಲೇ ಕಳಿಸಿಬಿಡುತ್ತಾಳೆ. ರೋಗಿಯನ್ನಾದರೆ ಹಾಗೆ ಕಳಿಸುವಂತಿಲ್ಲ. ದಾರಿಯುದ್ದಕ್ಕೂ ಕೆನ್ನೆ ಹಿಡಿದುಕೊಂಡು ನರಳುವ ಅಭ್ಯಾಸ ಮಾಡಿದೆ. ಪಕ್ಕದ ಸೀಟಿನ ಹೆಂಗಸು ಲವಂಗ ಕೊಟ್ಟಳು.

ಮೆಟ್ಟಿಲು ಹತ್ತಿ ಹೋದರೆ ಸಣ್ಣ ಕೋಣೆ, ಗೋಡೆಗೆ ಟಿವಿ, ಅದರ ಎದುರು ಆರು ಪ್ಲಾಸ್ಟಿಕ್ ಕುರ್ಚಿ. ಆರೂ ಖಾಲಿ. ಒಳಗಿನಿಂದ ಅವಳು ಬಂದಳು. ಮುಖಕ್ಕೆ ಮಾಸ್ಕ್, ಸಿಟ್ಟೋ ನಗುವೋ ತಿಳಿಯುವಂತಿಲ್ಲ.

“ಏನು?”

“ಹಲ್ಲು ನೋವು.”

“ಯಾವುದು?”

ಕೈಗೆ ಸಿಕ್ಕಿದ್ದನ್ನು ಮುಟ್ಟಿ ತೋರಿಸಿದೆ. ಕುರ್ಚಿ ಹಿಂದಕ್ಕೆ ವಾಲಿತು, ಕಣ್ಣಿಗೆ ಲೈಟು ಬಿತ್ತು. ಆ ಹಲ್ಲಿಗೆ ಟಕಟಕ ಬಡಿದಳು.

“ಇದು ಕಲ್ಲುಗುಂಡಿನ ಹಾಗಿದೆ. ಬಾಯೊಳಗೂ ರೀಲು. ಆದ್ರೆ ಇದರ ಪಕ್ಕದ್ದು ನಿಜವಾಗ್ಲೂ ಹುಳುಕು.”

“ಅದು ನೋವೇ ಇಲ್ಲವಲ್ಲ...”

“ಬಾಯಿ ತೆಗಿ.”

ಸೂಜಿ ಚುಚ್ಚಿದಳು. ಎರಡು ಹತ್ತಿಯುಂಡೆ, ಒಂದು ನೀರೆಳೆಯುವ ಕೊಳವೆ, ದವಡೆ ಮುಚ್ಚದಂತೆ ಒಂದು ರಬ್ಬರ್ ತುಂಡು. ಇಷ್ಟನ್ನೂ ಜೋಡಿಸಿ, ಸ್ಟೂಲು ಎಳೆದುಕೊಂಡು ಕೂತು, ಡ್ರಿಲ್ ಶುರುಮಾಡಿದಳು.

“ಈಗ ನಿನ್ನ ಸಿನಿಮಾ ವಿಮರ್ಶೆ ಕೇಳು. ಒಂದು, ಮುಂದಿನ ಹಲ್ಲಲ್ಲಿ ಕಚ್ಚಿದ್ರೆ ಮೂರನೇ ತಿಜೋರಿಗೆ ಹಲ್ಲು ಕೈಗೆ ಬರುತ್ತೆ. ದವಡೆ ಹಲ್ಲು ಅನ್ನಬೇಕಿತ್ತು.”

“ಆಂ.”

“ಎರಡು, ಕಿವಿ ಕೇಳದೇ ಇರೋನು ಸೈರನ್ ಕೇಳಿ ಹೆಂಗೇ ಛಾವಣಿ ಹಾರ್ತಾನೆ?”

“ಆಂ ಆಂ!” (ಜೊತೆಗಾರ ತಿವಿದು ಹೇಳಿದ ಎಂಬ ಅದ್ಭುತ ಸಮರ್ಥನೆ ಹೊಳೆದಿತ್ತು.)

“ಮೂರು.” ಡ್ರಿಲ್ ನಿಂತಿತು. “ಹೇಳದೆ ಕೇಳದೆ ಊರು ಬಿಟ್ಟ ಆ ದ್ರೋಹಿ. ಅದು ನಾನಾ?”

ನನ್ನ ಜೀವಮಾನದಲ್ಲಿ ಬಾಯಿ ಇಷ್ಟು ಅಗಲ ತೆರೆದಿದ್ದೂ ಇಲ್ಲ, ಮಾತು ಇಷ್ಟು ಕಡಿಮೆ ಇದ್ದದ್ದೂ ಇಲ್ಲ.

“ಹೌದು ಅಂತಾದ್ರೆ ಒಂದು ಸಲ ಕಣ್ಣು ಮುಚ್ಚಿ ತೆಗಿ.”

ಮುಚ್ಚಿದೆ. ತೆಗೆಯುವಾಗ ನೀರು ಬಂತು. (ಲೈಟು ಬಹಳ ಪ್ರಖರವಾಗಿತ್ತು.)

“ಕಟ್ಟಡ ಕೆಡವಿದ್ದು ನಾನಲ್ಲವಲ್ಲೇ” ಎಂದಳು. ಹತ್ತಿ ಬದಲಿಸಿದಳು. “ಇಲ್ಲಿ ಒಂದರಿಂದ ನಾಲ್ಕರ ತನಕ ಒಂದು ನರಪಿಳ್ಳೆ ಬರಲ್ಲ. ಹೊರಗಡೆ ಆ ಕುರ್ಚೀಲಿ ಕೂತು ನೋಡ್ತೀನಿ. ನಿನಗೆ ಹೇಳಬೇಕಲ್ಲ ಅಂತ ಬರಕೊಂಡು ನೋಡ್ತೀನಿ. ಒಳ್ಳೆ ಹೊಡೆತ ಬಿದ್ದಾಗ ಖಾಲಿ ಕುರ್ಚಿಗಳ ಕಡೆ ತಿರುಗಿ ನಗ್ತಾ ಇರ್ತೀನಿ. ಯಾರಾದ್ರೂ ನೋಡಿದ್ರೆ ಹುಚ್ಚಿ ಅಂತಾರೆ.” ಡ್ರಿಲ್ ಮತ್ತೆ ಗುಯ್‌ಗುಟ್ಟಿತು. “ಜೊತೆಗಾರನ್ನ ಕೊನೇಲಿ ವಾಪಸ್ ಕರೆಸಬೇಕಿತ್ತು. ಅಷ್ಟೂ ತಿಳಿಯಲ್ವಾ ನಿನಗೆ? ಒಂದೂವರೆ ನಕ್ಷತ್ರ.”

“ಆಂಆಂಆಂ!”

“ಜಾಸ್ತಿ ಆಯ್ತಾ? ಸರಿ, ಒಂದು.”

ಆಮೇಲೆ ತಪ್ಪಿಹೋದ ಎರಡು ಶನಿವಾರಗಳ ಅವಳ ಎರಡೂ ಸಿನಿಮಾಗಳನ್ನು, ಹೆಸರು ಬರುವಲ್ಲಿಂದ ಶುರುಮಾಡಿ, ಗುಂಡಿನ ಸದ್ದುಗಳ ಸಮೇತ ಹೇಳಿದಳು. ಒಂದು ಸಣ್ಣ ಹುಳುಕಿಗೆ ಅಷ್ಟು ಹೊತ್ತು ಬೇಕೇ ಎಂದು ಕೇಳಲು ನನಗೆ ಬಾಯಿಯಿರಲಿಲ್ಲ. ಕೊನೆಗೆ ಏನೋ ಮೆತ್ತಿ, ರಬ್ಬರ್ ತುಂಡು ತೆಗೆದಳು.

“ಇದು ತಾತ್ಕಾಲಿಕ ಸಿಮೆಂಟು. ಶನಿವಾರ ಬಾ, ಗಟ್ಟಿದು ಹಾಕ್ತೀನಿ.”

ಮುಖದ ಅರ್ಧಭಾಗ ನನ್ನದಾಗಿರಲಿಲ್ಲ. ಉಳಿದರ್ಧದಿಂದ ಕೇಳಿದೆ: “ಆ ಗಟ್ಟಿದನ್ನ ಇವತ್ತೇ ಹಾಕೋಕಾಗಲ್ವೇನೇ? ಮೂರು ಗಂಟೆ ಬಸ್ಸು!”

“ಆಗುತ್ತೆ” ಎಂದಳು ಇಕ್ಕಳ, ಕೈಗವಸು ಬಿಚ್ಚಿ ಬುಟ್ಟಿಗೆ ಹಾಕುತ್ತ.